ಬಳ್ಳಾರಿ ಜಾಲಿ: ಹೆಸರು ಬಳ್ಳಾರಿಯದು, ಬೇರು ಅಮೆರಿಕದ್ದು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಹಾಗೂ ಹರಪನಹಳ್ಳಿ ತಾಲ್ಲೂಕುಗಳ ಕೆರೆಯಂಗಳ, ಹಳ್ಳದ ದಂಡೆ ಮತ್ತು ಬೀಳುಭೂಮಿಗಳಲ್ಲಿ ಹಬ್ಬಿರುವ ಮುಳ್ಳುಗಿಡವೇ ಬಳ್ಳಾರಿ ಜಾಲಿ. ಈ ಐದೂ ತಾಲ್ಲೂಕುಗಳು 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಗೆ ಸೇರಿವೆ. ಜಿಲ್ಲೆಯ ಹೆಸರು ಬದಲಾದರೂ ಗಿಡದ ಹೆಸರು ಬದಲಾಗಿಲ್ಲ.

ಕರಿಜಾಲಿ, ಬಿಳಿಜಾಲಿ ಎಂಬ ಪದಗಳು ಕರ್ಮಧಾರಯ ಸಮಾಸಗಳು. ಬಣ್ಣವೇ ಅಲ್ಲಿ ಗುರುತು. ಜರ್ಮನ್ ಭಾಷೆಯ ‘ಶ್ವಾರ್ಟ್ಸ್‌ಡೋರ್ನ್’ (ಕರಿಮುಳ್ಳು), ‘ವೈಸ್‌ಡೋರ್ನ್’ (ಬಿಳಿಮುಳ್ಳು) ಎಂಬ ಗಿಡದ ಹೆಸರುಗಳೂ ಇದೇ ಬಗೆಯವು. ಆದರೆ ‘ಬಳ್ಳಾರಿ ಜಾಲಿ’ ಎಂದರೆ ಬಳ್ಳಾರಿಯ ಜಾಲಿ, ಅಂದರೆ ಷಷ್ಠೀ ತತ್ಪುರುಷ. ಇಲ್ಲಿ ಗುರುತು ಊರಿನದು.

ಈ ಗುರುತೇ ದಾರಿ ತಪ್ಪಿಸುತ್ತದೆ. ಗಿಡದ ತವರು ಮಧ್ಯ ಅಮೆರಿಕ, ಕೆರಿಬಿಯನ್ ದ್ವೀಪಗಳು ಹಾಗೂ ದಕ್ಷಿಣ ಅಮೆರಿಕದ ಉತ್ತರ ಭಾಗ. ಅರಣ್ಯಾಧಿಕಾರಿ ಬೆಡೋಮ್ ಅವರ ಪ್ರಯತ್ನದಿಂದ 1877ರಲ್ಲಿ ಜಮೈಕಾದ ಬೀಜಗಳು ಕಡಪ ಸೀಮೆಗೆ ಬಂದವು. ಆಗ ಕಡಪದಂತೆ ಬಳ್ಳಾರಿಯೂ ಮದರಾಸು ಪ್ರಾಂತಕ್ಕೆ ಸೇರಿತ್ತು. ಅದು ಮೈಸೂರು ರಾಜ್ಯಕ್ಕೆ ಸೇರಿದ್ದು 1953ರಲ್ಲಿ. ತಮಿಳರು ಗಿಡವನ್ನು ‘ಸೀಮೈ ಕರುವೇಲಂ’ ಎಂದು, ಹಿಂದಿ ಭಾಷಿಕರು ‘ವಿಲಾಯತಿ ಬಬೂಲ್’ ಎಂದು ಕರೆದು ಅದರ ಪರದೇಶಿ ಮೂಲವನ್ನು ನೆನಪಿಟ್ಟರು. ಗುಜರಾತಿಗಳಿಗೆ ಅದು ‘ಗಾಂಡೋ ಬಾವಳ್’, ಎಂದರೆ ಹುಚ್ಚು ಜಾಲಿ. ಸೀಮೆಎಣ್ಣೆ, ಸೀಮೆಹುಣಸೆ ಎನ್ನುವ ಕನ್ನಡವು ಇಲ್ಲಿ ಮಾತ್ರ ನೆರೆಯ ಬಯಲುಸೀಮೆಯ ಊರನ್ನೇ ಹೆಸರಿಗೆ ಅಂಟಿಸಿತು.

ನಾಟಿ ಜಾಲಿಯಿಂದ ಇದನ್ನು ಗುರುತಿಸುವುದು ಸುಲಭ. ಕರಿಜಾಲಿಯ ಹೂವು ಹಳದಿ ಚೆಂಡಿನಂತೆ ದುಂಡಗಿದ್ದರೆ, ಇದರದು ಉದ್ದನೆಯ ತೆನೆ. ‘ಪ್ರೊಸೊಪಿಸ್ ಜೂಲಿಫ್ಲೋರಾ’ ಎಂಬ ಶಾಸ್ತ್ರೀಯ ಹೆಸರಿನ ಎರಡನೆಯ ಪದ ಸೂಚಿಸುವುದೂ ತೆನೆಹೂವನ್ನೇ. 2022ರಲ್ಲಿ ಸಸ್ಯವಿಜ್ಞಾನಿಗಳು ಇದನ್ನು ‘ನೆಲ್ಟುಮಾ’ ಕುಲಕ್ಕೆ ವರ್ಗಾಯಿಸಿದರು.

ಸಿಹಿಯಾದ ಕಾಯಿಗಳನ್ನು ಕುರಿ, ಮೇಕೆ, ದನಗಳು ತಿನ್ನುತ್ತವೆ. ಗಟ್ಟಿ ಬೀಜಗಳು ಜೀರ್ಣವಾಗದೆ ಸಗಣಿ, ಹಿಕ್ಕೆಯೊಡನೆ ಹೊರಬಿದ್ದು ಮೊಳೆಯುತ್ತವೆ. ಹೀಗೆ ಮಂದೆ ನಡೆದ ದಾರಿಯೇ ಗಿಡದ ದಾರಿಯಾಗುತ್ತದೆ. ಪೊದೆ ದಟ್ಟವಾದಂತೆ ಅದೇ ಮಂದೆಗೆ ಹುಲ್ಲುಗಾವಲು ಇಲ್ಲವಾಗುತ್ತದೆ. ಕಡಿದರೆ ನೆಲದೊಳಗಿನ ಬುಡದ ಮೊಗ್ಗುಗಳಿಂದ ಮತ್ತೆ ಚಿಗುರುವುದರಿಂದ ಬುಡಸಮೇತ ಕೀಳದೆ ಅದು ನಾಶವಾಗದು. ಆದರೂ ಸೌದೆ, ಇದ್ದಿಲುಗಳಿಗಾಗಿ ಬಡ ಕುಟುಂಬಗಳು ನೆಚ್ಚಿರುವ ಗಿಡವೂ ಇದೇ. ಆದ್ದರಿಂದ ಅದನ್ನು ಕಿತ್ತೊಗೆಯುವ ಯಾವುದೇ ಯೋಜನೆಯು ಆ ಒಲೆಗಳ ಲೆಕ್ಕವನ್ನೂ ಇಡಬೇಕಾಗುತ್ತದೆ.