ಮೀಟರ್ ಯಾರ ಕೈಯಲ್ಲಿರಬೇಕು?

ಈ ವಾರದ ಇತಿಹಾಸದ ಕಂತು ಬೆರಳ ತುದಿಯ ಒಂದು ಹನಿ ರಕ್ತದ್ದು. ಸ್ವಲ್ಪ ಉದ್ದ ಇದೆ, ಸೇವ್ ಮಾಡ್ಕೊಂಡು ಬಸ್ಸಲ್ಲಿ ಓದಿ.

1/5
ಮೊದ್ಲೇ ಹೇಳ್ಬಿಡ್ತೀನಿ, ಟೈಪ್ 1 ಡಯಾಬಿಟಿಸ್ ಸಿಹಿ ತಿಂದು ಬರೋದಲ್ಲ. ದೇಹದ ರೋಗನಿರೋಧಕ ಶಕ್ತಿಯೇ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ನಾಶ ಮಾಡುತ್ತೆ. ಪುಟ್ಟ ಮಕ್ಕಳಿಗೂ ಬರುತ್ತೆ, ನಮ್ಮ ವಯಸ್ಸಿನವರಿಗೂ ಬರುತ್ತೆ. 1922ರಲ್ಲಿ ಇನ್ಸುಲಿನ್ ಇಂಜೆಕ್ಷನ್ ಬಂತು, ಜೀವ ಉಳೀತು. ಆದ್ರೆ ಎಷ್ಟು ಹಾಕ್ಬೇಕು? ಹೆಚ್ಚಾದ್ರೆ ಶುಗರ್ ಕುಸಿದು ಪ್ರಜ್ಞೆ ತಪ್ಪಬಹುದು. ಕಮ್ಮಿಯಾಗ್ತಾ ಹೋದ್ರೆ ವರ್ಷ ಕಳೆದಂತೆ ಕಣ್ಣು, ಕಿಡ್ನಿ ಹಾಳಾಗುತ್ತೆ. ದಶಕಗಳ ಕಾಲ ಮನೇಲಿ ಮಾಡೋಕೆ ಇದ್ದದ್ದು ಮೂತ್ರ ಪರೀಕ್ಷೆ ಮಾತ್ರ. ಅದು ಹೇಳೋದು ಕೆಲವು ಗಂಟೆ ಹಿಂದಿನ ಲೆಕ್ಕ. ನಮ್ಮ ಕಾಮರ್ಸ್ ಭಾಷೇಲಿ ಹೇಳೋದಾದ್ರೆ, ಗಲ್ಲಾಪೆಟ್ಟಿಗೆ ನೋಡದೆ ಹಳೇ ಬಿಲ್ ನೋಡಿ ವ್ಯಾಪಾರ ಮಾಡಿದ ಹಾಗೆ.

2/5
1969, ಅಮೆರಿಕ. ರಿಚರ್ಡ್ ಬರ್ನ್‌ಸ್ಟೀನ್ ಅನ್ನೋ ಇಂಜಿನಿಯರ್‌ಗೆ 12ನೇ ವಯಸ್ಸಿಂದ ಟೈಪ್ 1. ಒಂದು ಜಾಹೀರಾತಲ್ಲಿ ಅವರು ರಕ್ತದ ಶುಗರ್ ಅಳೆಯೋ ಮೀಟರ್ ನೋಡಿದ್ರು. ತೂಕ ಸುಮಾರು ಒಂದೂವರೆ ಕೆ.ಜಿ., ಬೆಲೆ 650 ಡಾಲರ್. ಮಾರೋದು ಆಸ್ಪತ್ರೆ, ಡಾಕ್ಟರ್‌ಗಳಿಗೆ ಮಾತ್ರ, ರೋಗಿಗೆ ಕೊಡಲ್ಲ! ಪುಣ್ಯಕ್ಕೆ ಅವರ ಹೆಂಡ್ತಿ ಡಾಕ್ಟರ್. ಅವರ ಹೆಸರಲ್ಲಿ ತರಿಸ್ಕೊಂಡು ದಿನಕ್ಕೆ ಹಲವು ಸಲ ಅಳೆದು, ಊಟ ಮತ್ತು ಇನ್ಸುಲಿನ್ ಎರಡನ್ನೂ ಅದಕ್ಕೆ ಹೊಂದಿಸಿಕೊಂಡ್ರು. ಆರೋಗ್ಯ ಸುಧಾರಿಸ್ತು. ಅದನ್ನ ಬರೆದು ವೈದ್ಯಕೀಯ ಪತ್ರಿಕೆಗಳಿಗೆ ಕಳಿಸಿದ್ರೆ ವಾಪಸ್ ಬಂತು. ಕೊನೆಗೆ 45ರ ಆಸುಪಾಸಿನಲ್ಲಿ ಮೆಡಿಕಲ್ ಕಾಲೇಜ್ ಸೇರಿ ತಾವೇ ಡಾಕ್ಟರ್ ಆದ್ರು!

3/5
ಆದ್ರೆ ಒಬ್ಬರ ಅನುಭವ ಎಲ್ಲರಿಗೂ ಪುರಾವೆ ಆಗಲ್ಲ. 1983ರಲ್ಲಿ ಅಮೆರಿಕ, ಕೆನಡಾದಲ್ಲಿ ಡಿಸಿಸಿಟಿ ಅನ್ನೋ ಅಧ್ಯಯನ ಶುರುವಾಯ್ತು. 13ರಿಂದ 39 ವರ್ಷದ 1,441 ಜನರನ್ನು ಎರಡು ಗುಂಪು ಮಾಡಿದ್ರು. ಒಂದು ಗುಂಪಿಗೆ ಆಗಿನ ಮಾಮೂಲಿ ಚಿಕಿತ್ಸೆ. ಇನ್ನೊಂದು ಗುಂಪು ದಿನಕ್ಕೆ ಕನಿಷ್ಠ ನಾಲ್ಕು ಸಲ ಬೆರಳು ಚುಚ್ಚಿ ನೋಡಿ, ಮೂರು ಅಥವಾ ಹೆಚ್ಚು ಇಂಜೆಕ್ಷನ್ ಇಲ್ಲವೇ ಪಂಪ್ ಬಳಸಬೇಕು. ಎರಡನೇ ಗುಂಪಿನಲ್ಲಿ ಕಣ್ಣಿನ ತೊಂದರೆಯ ಅಪಾಯ 76%, ನರದ್ದು 60%, ಕಿಡ್ನಿಯದ್ದು 50% ಇಳೀತು. ಫಲಿತಾಂಶ ಎಷ್ಟು ಸ್ಪಷ್ಟ ಅಂದ್ರೆ 1993ರಲ್ಲಿ ನಿಗದಿಗಿಂತ ಒಂದು ವರ್ಷ ಮೊದಲೇ ನಿಲ್ಲಿಸಿದ್ರು.

ಖರ್ಚಿನ ಕಾಲಂ ಕೂಡ ನೋಡಿ. ಇದೇ ಗುಂಪಿನಲ್ಲಿ ಶುಗರ್ ಅಪಾಯಕಾರಿಯಾಗಿ ಕುಸಿಯೋದು ಸುಮಾರು ಮೂರು ಪಟ್ಟು ಜಾಸ್ತಿ ಆಯ್ತು. ಅದೂ ನಿದ್ದೇಲಿ ಆದ್ರೆ?

4/5
ಈ ಭಯವೇ ಮುಂದಿನ ಹೆಜ್ಜೆ ಇಡಿಸ್ತು. ಅಷ್ಟರಲ್ಲಿ ಚರ್ಮಕ್ಕೆ ಅಂಟಿಸೋ ಸೆನ್ಸರ್ ಬಂದಿತ್ತು. ಕೆಲವೇ ನಿಮಿಷಕ್ಕೊಮ್ಮೆ ಶುಗರ್ ತೋರಿಸಿ, ಕುಸಿದ್ರೆ ಅಲಾರಂ ಹೊಡೀತಿತ್ತು. ಸಿಯಾಟಲ್‌ನಲ್ಲಿ ಒಬ್ಬರೇ ಇದ್ದ ಡೇನಾ ಲೂಯಿಸ್‌ಗೆ ಆ ಸದ್ದಿಗೆ ಎಚ್ಚರವೇ ಆಗ್ತಿರಲಿಲ್ಲ. 2013ರಲ್ಲಿ ಸ್ನೇಹಿತರ ಜೊತೆ ಸೆನ್ಸರ್‌ನ ಡೇಟಾ ಹೊರತೆಗೆದು ಜೋರಾದ ಅಲಾರಂ ಮಾಡ್ಕೊಂಡ್ರು. ಆಮೇಲೆ ಸೆನ್ಸರ್ ನೋಡಿ ಪಂಪ್ ತಾನೇ ಇನ್ಸುಲಿನ್ ಹೆಚ್ಚು ಕಮ್ಮಿ ಮಾಡೋ ವ್ಯವಸ್ಥೆ ಕಟ್ಟಿದ್ರು. 2015ರಲ್ಲಿ ಓಪನ್‌ಎಪಿಎಸ್ ಹೆಸರಲ್ಲಿ ಅದನ್ನ ಎಲ್ಲರಿಗೂ ಉಚಿತವಾಗಿ ಬಿಟ್ರು.

5/5
ಮನೇಲಿ ಕಟ್ಟಿದ್ದನ್ನ ನಂಬೋದು ಹೇಗೆ? ಮತ್ತೆ ಪರೀಕ್ಷೆ. ನ್ಯೂಜಿಲೆಂಡ್‌ನ ಕ್ರಿಯೇಟ್ ಅಧ್ಯಯನದಲ್ಲಿ 97 ಜನ, 24 ವಾರ. 2022ರಲ್ಲಿ ಫಲಿತಾಂಶ ಬಂತು: ಈ ವ್ಯವಸ್ಥೆ ಬಳಸಿದವರ ಶುಗರ್ ದಿನದ 71.2% ಹೊತ್ತು ಸರಿಯಾದ ಮಟ್ಟದಲ್ಲಿತ್ತು. ಸೆನ್ಸರ್, ಪಂಪ್ ಎರಡೂ ಇದ್ದು ಈ ಸಾಫ್ಟ್‌ವೇರ್ ಇಲ್ಲದವರದ್ದು 54.5%. ಶುಗರ್ ತೀವ್ರವಾಗಿ ಕುಸಿದ ಪ್ರಕರಣ ಎರಡೂ ಗುಂಪಲ್ಲಿ ಒಂದೂ ಇಲ್ಲ. ಸಂಶೋಧನಾ ಪ್ರಬಂಧದ ಲೇಖಕರ ಪಟ್ಟಿಯಲ್ಲಿ ಡೇನಾ ಹೆಸರೂ ಇದೆ. ಬರ್ನ್‌ಸ್ಟೀನ್ ಅವರ ಲೇಖನ ವಾಪಸ್ ಬಂದ ಕಾಲ ನೆನಪಿಸಿಕೊಳ್ಳಿ!

ರೋಗಿ ಮೊದಲು ಹೇಳ್ತಾರೆ, ವಿಜ್ಞಾನ ಪರೀಕ್ಷಿಸಿ ಖಚಿತಪಡಿಸುತ್ತೆ. ಎರಡೂ ಬೇಕು. ಆದ್ರೆ ಸೆನ್ಸರ್, ಪಂಪ್ ಕೊಳ್ಳೋಕೆ ಆಗದ ಮನೆಗಳು ನಮ್ಮ ಸುತ್ತ ಎಷ್ಟೋ ಇವೆ. "ಡಾಕ್ಟರ್‌ಗೆ ಮಾತ್ರ" ಅನ್ನೋ ಬೋರ್ಡ್ ಹೋಯ್ತು, ಬೆಲೆಯ ಬೋರ್ಡ್ ಹಾಗೇ ಇದೆ.

ಕ್ಲಾಸಲ್ಲಿ ಯಾರಾದ್ರೂ ತೋಳಿಗೆ ಸಣ್ಣ ಬಿಲ್ಲೆ ಅಂಟಿಸ್ಕೊಂಡು ಆಗಾಗ ಫೋನ್ ನೋಡ್ತಿದ್ರೆ ರೇಗಿಸ್ಬೇಡಿ. ಅವರು ನೋಡ್ತಿರೋದು ರೀಲ್ಸ್ ಅಲ್ಲದೆ ಇರಬಹುದು.

ನಿಮ್ಮ ಮನೇಲಿ, ಗೆಳೆಯರಲ್ಲಿ ಟೈಪ್ 1 ಇರೋರು ಇದ್ದಾರಾ? ಅವರು ಒಪ್ಪಿದ್ರೆ ಮಾತ್ರ ಕಾಮೆಂಟ್‌ನಲ್ಲಿ ಹೇಳಿ.

#ಇತಿಹಾಸ #ಟೈಪ್1ಡಯಾಬಿಟಿಸ್ #ಕನ್ನಡದಲ್ಲಿವಿಜ್ಞಾನ