ಗಡಿ ದಾಟಿದರೆ ಬದಲಾಗುವ ಬುಡಕಟ್ಟು

ಬಂಗಾರಪೇಟೆಯಿಂದ ಜೋಲಾರಪೇಟೆಯತ್ತ ಹೊರಟ ರೈಲು ಕಾಮಸಮುದ್ರ ದಾಟಿ ಸ್ವಲ್ಪ ಹೊತ್ತಿಗೆಲ್ಲ ಆಂಧ್ರದ ಕುಪ್ಪಂ ಸೀಮೆಗೆ ಹೋಗುತ್ತದೆ. ಅಲ್ಲಿಂದ ಮುಂದೆ ತಮಿಳುನಾಡು. ಲಂಬಾಣಿ ಜನ ಈ ಮೂರೂ ರಾಜ್ಯಗಳಲ್ಲಿದ್ದಾರೆ. ಅವರ ಮನೆಮಾತು ಒಂದೇ, ಕುಲದ ನೆನಪೂ ಒಂದೇ. ಆದರೆ ಸರ್ಕಾರಿ ಕಡತದಲ್ಲಿ ಅವರು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ಆಂಧ್ರದಲ್ಲಿ ಸುಗಾಲಿ ಎಂಬ ಹೆಸರಿನ ಪರಿಶಿಷ್ಟ ಪಂಗಡ, ತಮಿಳುನಾಡಿನಲ್ಲಿ ಹಿಂದುಳಿದ ವರ್ಗ. ಒಂದು ಪ್ರದೇಶದಲ್ಲಿ ಬುಡಕಟ್ಟು ಜನ ಎಷ್ಟಿದ್ದಾರೆ ಎಂಬುದನ್ನು ಕಾಡು ಬೆಟ್ಟಗಳಷ್ಟೇ ಅಲ್ಲ, ಕಾನೂನಿನ ಪಟ್ಟಿಯೂ ನಿರ್ಧರಿಸುತ್ತದೆ.

ಹಳೆಯ ಮೈಸೂರಿನ 1950ರ ಪಟ್ಟಿಯಲ್ಲಿ ಜೇನುಕುರುಬ, ಕಾಡುಕುರುಬ, ಸೋಲಿಗ, ಇರುಳಿಗ, ಹಸಲರು, ಹಕ್ಕಿಪಿಕ್ಕಿ ಮುಂತಾದ ಕೆಲವೇ ಸಮುದಾಯಗಳಿದ್ದವು. ಕೋಲಾರ ಸೀಮೆಯ ನಾಯಕರು ಅದರಲ್ಲಿರಲಿಲ್ಲ. 1956ರಲ್ಲಿ ರಾಜ್ಯ ಒಂದಾಯಿತು, ಪಟ್ಟಿ ಒಂದಾಗಲಿಲ್ಲ. ಮುಂಬಯಿ, ಮದರಾಸು, ಹೈದರಾಬಾದು, ಕೊಡಗಿನ ಪಟ್ಟಿಗಳು ತಂತಮ್ಮ ಜಿಲ್ಲೆಗಳಿಗೇ ಸೀಮಿತವಾಗಿ ಉಳಿದವು. ಹೀಗಾಗಿ 1971ರ ಜನಗಣತಿಯಲ್ಲಿ ಇಡೀ ರಾಜ್ಯದ ಪರಿಶಿಷ್ಟ ಪಂಗಡದವರು 2.31 ಲಕ್ಷ ಮಾತ್ರ. 1976ರ ಕಾನೂನು ಈ ಪ್ರಾದೇಶಿಕ ಮಿತಿಗಳನ್ನು ಬಹುಮಟ್ಟಿಗೆ ತೆಗೆದುಹಾಕಿತು. 1981ರಲ್ಲಿ ಲೆಕ್ಕ 18.25 ಲಕ್ಷಕ್ಕೇರಿತು. ಈ ಜನ ಎಲ್ಲಿಂದಲೋ ವಲಸೆ ಬಂದವರಲ್ಲ, ಇಲ್ಲೇ ಇದ್ದವರು. 1991ರಲ್ಲಿ ನಾಯಕ, ಬೇಡ, ವಾಲ್ಮೀಕಿ ಹೆಸರುಗಳು ಪಟ್ಟಿಯಲ್ಲಿ ಸ್ಪಷ್ಟವಾಗಿ ಸೇರಿದವು.

2011ರ ಗಣತಿಯ ಪ್ರಕಾರ ಸಂಖ್ಯೆ ಸುಮಾರು 42.49 ಲಕ್ಷ, ಅಂದರೆ ರಾಜ್ಯದ ಜನಸಂಖ್ಯೆಯ ಶೇಕಡಾ 6.95. ರಾಯಚೂರು, ಬಳ್ಳಾರಿ, ಚಿತ್ರದುರ್ಗಗಳಲ್ಲಿ ಈ ಪ್ರಮಾಣ ಶೇಕಡಾ 18ರಿಂದ 19. ಕೋಲಾರದಲ್ಲಿ ಸುಮಾರು 5, ಮಂಡ್ಯದಲ್ಲಿ 1ಕ್ಕಿಂತ ತುಸು ಹೆಚ್ಚು. ಒಟ್ಟು ಸಂಖ್ಯೆಯಲ್ಲಿ 32 ಲಕ್ಷಕ್ಕೂ ಹೆಚ್ಚು ಮಂದಿ ಬಯಲುಸೀಮೆಯಲ್ಲಿ ಹೆಚ್ಚಾಗಿರುವ ನಾಯಕ ಸಮುದಾಯದವರು. ಕಾಡಂಚಿನ ಜೇನುಕುರುಬರು ಸುಮಾರು 36 ಸಾವಿರ, ಕರಾವಳಿಯ ಕೊರಗರು 15 ಸಾವಿರದೊಳಗೆ.

ನಾಯಕರಿಗೆ ಸಿಕ್ಕಿದ್ದು ನ್ಯಾಯವೇ. ಆದರೆ ಚದುರಿಹೋದ ಸಣ್ಣ ಸಮುದಾಯಗಳ ದನಿ ಲೆಕ್ಕದಲ್ಲಿ ಕರಗುತ್ತದೆ. 2008ರಿಂದ ವಿಧಾನಸಭೆಯಲ್ಲಿ ಪಂಗಡದ ಮೀಸಲು ಕ್ಷೇತ್ರಗಳು 15. ಅವುಗಳಲ್ಲಿ ದಕ್ಷಿಣದ ಕಾಡಂಚಿನದು ಹೆಗ್ಗಡದೇವನಕೋಟೆ ಒಂದೇ. ಮೀಸಲಾತಿ ಶೇಕಡಾ 3ರಿಂದ 7ಕ್ಕೆ ಏರಿಸುವ ತೀರ್ಮಾನ 2022ರಲ್ಲಾಯಿತು. ಅದರಲ್ಲಿ ಹಾಡಿಯ ಮಕ್ಕಳಿಗೆ ಎಷ್ಟು ದಕ್ಕುತ್ತದೆ ಎಂಬುದನ್ನು ಕೇಳಲೇಬೇಕು.

ಸಿದ್ದಿಯರ ಕಥೆಯನ್ನೂ ಇಲ್ಲಿ ನೆನೆಯಬೇಕು. ಆಫ್ರಿಕಾ ಮೂಲದ ಈ ಜನರಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಮೂವರೂ ಇದ್ದಾರೆ. ಪರಿಶಿಷ್ಟ ಜಾತಿಗಿರುವ ಧರ್ಮದ ಕಟ್ಟಳೆ ಪಂಗಡಕ್ಕಿಲ್ಲವಾದ್ದರಿಂದ 2003ರಲ್ಲಿ ಉತ್ತರ ಕನ್ನಡದ ಸಿದ್ದಿಯರೆಲ್ಲರೂ ಪಟ್ಟಿ ಸೇರಿದರು. ಪಕ್ಕದ ಧಾರವಾಡ, ಬೆಳಗಾವಿ ಜಿಲ್ಲೆಗಳ ಸಿದ್ದಿಯರು ಮಾತ್ರ 2020ರವರೆಗೆ ಕಾಯಬೇಕಾಯಿತು. ಧರ್ಮ ಅಡ್ಡ ಬರಲಿಲ್ಲ, ಜಿಲ್ಲೆಯ ಗಡಿ ಅಡ್ಡ ಬಂತು.