ಹೆಣ ಮುಟ್ಟಿದ ಕೈ

ನಮ್ಮಜ್ಜಿ ಊರಿನ ಸೂಲಗಿತ್ತಿ. ಅವಳದೊಂದು ಕಟ್ಟುನಿಟ್ಟಿನ ನಿಯಮ ಇತ್ತು. ಸಾವಿನ ಮನೆಗೆ ಹೋಗಿ ಬಂದವರು ತಲೆಗೆ ನೀರು ಹಾಕಿಕೊಳ್ಳದೆ ಬಾಣಂತಿ ಕೋಣೆಯ ಹೊಸ್ತಿಲು ದಾಟುವಂತಿಲ್ಲ. ಅವಳೂ ಅಷ್ಟೆ. ಬಿ.ಇ. ಮೊದಲ ವರ್ಷ ರಜೆಗೆ ಹೋದಾಗ ‘ಇದೆಲ್ಲಾ ಮೂಢನಂಬಿಕೆ ಕಣಜ್ಜಿ’ ಅಂತ ದೊಡ್ಡ ಲೆಕ್ಚರ್ ಕೊಟ್ಟಿದ್ದೆ. ಅವಳು ಅಡಿಕೆ ಕತ್ತರಿಸುತ್ತಾ ಸುಮ್ಮನೆ ಕೇಳಿಸಿಕೊಂಡಿದ್ದಳು. ಎಷ್ಟೋ ವರ್ಷದ ಮೇಲೆ ವಿಯೆನ್ನಾ ನಗರದ ಹೆರಿಗೆ ಆಸ್ಪತ್ರೆಯ ಕಥೆ ಓದುವಾಗ ಆ ಲೆಕ್ಚರ್ ನೆನಪಾಗಿ ನನ್ನ ಮುಖ ಬಿಸಿಯಾಯಿತು.

1784ರಲ್ಲಿ ಚಕ್ರವರ್ತಿ ಎರಡನೇ ಜೋಸೆಫ್ ವಿಯೆನ್ನಾದಲ್ಲಿ ದೊಡ್ಡದೊಂದು ಸಾರ್ವಜನಿಕ ಆಸ್ಪತ್ರೆ ತೆರೆದ. ಅದರ ಹೆರಿಗೆ ವಿಭಾಗಕ್ಕೆ ಬರುತ್ತಿದ್ದವರಲ್ಲಿ ಹೆಚ್ಚಿನವರು ಬಡ ಹೆಂಗಸರು, ಮನೆಗೆಲಸದವರು, ಮದುವೆಯಾಗದೆ ಬಸುರಾದವರು. ಹೆರಿಗೆ ಪುಕ್ಕಟೆ, ಬದಲಿಗೆ ಅವರ ದೇಹ ವಿದ್ಯಾರ್ಥಿಗಳ ಪಾಠಕ್ಕೆ. ಪುಕ್ಕಟೆ ಆಪ್ ಬಳಸುವ ನಮಗೆ ಇಂಥ ವ್ಯವಹಾರ ಹೊಸದೇನಲ್ಲ ಬಿಡಿ.

ಮುಂದೆ ವಿಭಾಗ ಎರಡಾಯಿತು. 1840ರಲ್ಲಿ ಒಂದು ಆದೇಶ ಬಂತು: ಮೊದಲನೇ ಕ್ಲಿನಿಕ್ಕಿನಲ್ಲಿ ವೈದ್ಯ ವಿದ್ಯಾರ್ಥಿಗಳು, ಎರಡನೆಯದರಲ್ಲಿ ಸೂಲಗಿತ್ತಿ ಕೆಲಸ ಕಲಿಯುವ ಹೆಂಗಸರು. ಬಸುರಿಯರನ್ನು ಸೇರಿಸಿಕೊಳ್ಳುತ್ತಿದ್ದದ್ದು ಸರದಿ ದಿನದ ಪ್ರಕಾರ, ಒಂದು ದಿನ ಇಲ್ಲಿ, ಮಾರನೇ ದಿನ ಅಲ್ಲಿ. ನಮ್ಮ ಆಫೀಸಿನ ಭಾಷೆಯಲ್ಲಿ ಹೇಳೋದಾದ್ರೆ ಪಕ್ಕಾ ಎ-ಬಿ ಟೆಸ್ಟ್. ಟೆಸ್ಟ್ ನಡೀತಿದೆ ಅಂತ ಯಾರಿಗೂ ಗೊತ್ತಿರಲಿಲ್ಲ ಅಷ್ಟೆ.

1846ರ ಲೆಕ್ಕ ನೋಡಿ. ವಿದ್ಯಾರ್ಥಿಗಳ ಕ್ಲಿನಿಕ್ಕಿನಲ್ಲಿ 4,010 ಹೆರಿಗೆ, 459 ತಾಯಂದಿರ ಸಾವು. ಸೂಲಗಿತ್ತಿಯರ ಕಡೆ 3,754 ಹೆರಿಗೆ, 105 ಸಾವು. ಒಂದೇ ಊರು, ಒಂದೇ ಗಾಳಿ, ಅಕ್ಕಪಕ್ಕದ ವಾರ್ಡು. ಕೊಲ್ಲುತ್ತಿದ್ದದ್ದು ಬಾಣಂತಿ ಜ್ವರ.

ಊರ ಹೆಂಗಸರಿಗೆ ಇದು ಗೊತ್ತಿತ್ತು ಕಣ್ರೀ! ಮೊದಲನೇ ಕ್ಲಿನಿಕ್ಕು ಅಂದ ಕೂಡಲೇ ಮಂಡಿಯೂರಿ, ಕೈಮುಗಿದು ‘ಅಲ್ಲಿಗೆ ಬೇಡ’ ಅಂತ ಅಂಗಲಾಚುತ್ತಿದ್ದರು. ಕೆಲವರು ಬೀದಿಯಲ್ಲೇ ಹೆತ್ತು ಆಮೇಲೆ ಒಳಗೆ ಬರುತ್ತಿದ್ದರು, ಅವರಿಗೆ ಜ್ವರ ಬರುವುದೂ ಕಮ್ಮಿ. ದೊಡ್ಡ ಡಾಕ್ಟರುಗಳು ಮಾತ್ರ ಕೆಟ್ಟ ಗಾಳಿ, ಭಯ, ಜನಸಂದಣಿ ಅಂತ ಕಾರಣ ಹುಡುಕುತ್ತಿದ್ದರು. ತಮಾಷೆಯೆಂದರೆ ಹೆಚ್ಚು ಸಂದಣಿ ಇದ್ದದ್ದು ಸೂಲಗಿತ್ತಿಯರ ಕಡೆಗೇ.

ಆ ವರ್ಷ ಮೊದಲನೇ ಕ್ಲಿನಿಕ್ಕಿಗೆ ಸಹಾಯಕನಾಗಿ ಬಂದವನು ಹಂಗೇರಿಯ ಇಗ್ನಾಜ್ ಸೆಮ್ಮೆಲ್ವೈಸ್. ಆತ ಮಾಡಿದ್ದು ಶುದ್ಧ ಡಿಬಗ್ಗಿಂಗ್. ಎರಡು ಕಡೆಯ ವ್ಯತ್ಯಾಸಗಳನ್ನು ಒಂದೊಂದಾಗಿ ಬದಲಿಸಿ ನೋಡಿದ. ಸೂಲಗಿತ್ತಿಯರ ಹಾಗೆ ಮಗ್ಗುಲಲ್ಲಿ ಮಲಗಿಸಿ ಹೆರಿಗೆ ಮಾಡಿಸಿದ. ಸಾಯುವವರ ಬಳಿಗೆ ಗಂಟೆ ಬಾರಿಸುತ್ತಾ ಬರುವ ಪಾದ್ರಿಯ ದಾರಿಯನ್ನೂ ತಪ್ಪಿಸಿದ, ಹೆದರಿಕೆಯೇ ಕಾರಣವಿರಬಹುದಾ ಅಂತ. ಏನೂ ಆಗಲಿಲ್ಲ. 1847ರ ಮಾರ್ಚಿನಲ್ಲಿ ಅವನ ಸ್ನೇಹಿತ ಪ್ರೊಫೆಸರ್ ಕೊಲೆಚ್ಕಾಗೆ ಶವಪರೀಕ್ಷೆ ವೇಳೆ ವಿದ್ಯಾರ್ಥಿಯ ಕತ್ತಿ ತಗುಲಿತು, ಜ್ವರ ಏರಿ ತೀರಿಕೊಂಡ. ವರದಿ ಓದಿದರೆ ಥೇಟ್ ಬಾಣಂತಿಯರ ಸಾವಿನಂತೆಯೇ ಇತ್ತು. ಆಗ ಹೊಳೆಯಿತು. ವಿದ್ಯಾರ್ಥಿಗಳು ಬೆಳಿಗ್ಗೆ ಹೆಣ ಕೊಯ್ದ ಕೈಯಲ್ಲೇ ಬಂದು ಬಸುರಿಯರನ್ನು ಪರೀಕ್ಷಿಸುತ್ತಿದ್ದರು. ಸೂಲಗಿತ್ತಿಯರು ಹೆಣ ಕೊಯ್ಯುತ್ತಿರಲಿಲ್ಲ. ಅವರ ಕೈಗುಣ ದೊಡ್ಡದು ಅಂತಲ್ಲ, ವ್ಯತ್ಯಾಸ ಇದ್ದದ್ದು ಇಷ್ಟೇ.

ಮೇ ತಿಂಗಳ ನಡುವೆ ಕ್ಲೋರಿನ್ ಸುಣ್ಣದ ನೀರಲ್ಲಿ ಕೈ ತೊಳೆಯುವುದನ್ನು ಕಡ್ಡಾಯ ಮಾಡಿದ. ಏಪ್ರಿಲಿನಲ್ಲಿ ನೂರಕ್ಕೆ 18 ದಾಟಿದ್ದ ಸಾವು ಜೂನಿಗೆ 2, ಜುಲೈಗೆ ಒಂದು ಚಿಲ್ಲರೆ. ಮಾರನೇ ವರ್ಷದ ಮಾರ್ಚಿನಲ್ಲಂತೂ ಒಬ್ಬ ತಾಯಿಯೂ ಸಾಯಲಿಲ್ಲ.

ಇಷ್ಟಾದರೂ 1849ರಲ್ಲಿ ಅವನ ಕೆಲಸ ಮುಂದುವರಿಸಲಿಲ್ಲ. ನಿಮ್ಮ ಕೈಯೇ ಕೊಂದದ್ದು ಅಂದರೆ ಯಾವ ಡಾಕ್ಟರ್ ಒಪ್ಪಿಯಾನು? ಅವನ ತಪ್ಪೂ ಇತ್ತು. ಪುಸ್ತಕ ಬರೆದದ್ದು 1861ರಲ್ಲಿ, ಅಷ್ಟು ತಡವಾಗಿ. ಒಪ್ಪದವರನ್ನು ಕೊಲೆಗಾರರು ಅಂತ ಬೈದ. 1865ರಲ್ಲಿ ಹುಚ್ಚಾಸ್ಪತ್ರೆ ಸೇರಿಸಿದರು. ಎರಡೇ ವಾರಕ್ಕೆ, ಗಾಯ ನಂಜಾಗಿ ತೀರಿಕೊಂಡ. ಆಗ ಅವನಿಗೆ 47.

ಇದನ್ನು ಅಜ್ಜಿಗೆ ಫೋನಿನಲ್ಲಿ ಹೇಳಿದೆ. ‘ಹೆಣ ಮುಟ್ಟಿದ ಕೈಲಿ ಹೆರಿಗೆನಾ? ಡಾಕ್ಟ್ರುಗಳಾ?’ ಅಂದಳು. ಗೆದ್ದೆ ಅಂತೇನೂ ಅನ್ನಲಿಲ್ಲ. ನಮ್ಮ ದೊಡ್ಡತ್ತೆ ಹೋದದ್ದು ಅಜ್ಜಿಯ ಕೈಯಲ್ಲೇ, ಅವಳ ಸ್ವಂತ ಮಗಳು. ಕೈ ತೊಳೆದಿತ್ತು, ಬಿಸಿನೀರಿತ್ತು, ರಕ್ತ ಮಾತ್ರ ನಿಲ್ಲಲಿಲ್ಲ. ತಾಲೂಕು ಆಸ್ಪತ್ರೆಗೆ ಟ್ರ್ಯಾಕ್ಟರ್ ಸಿಗುವಷ್ಟರಲ್ಲಿ ಬೆಳಗಾಗಿತ್ತು. ಅಲ್ಲಿಂದಾಚೆ ಯಾರ ಮನೆಯವರು ಹೆರಿಗೆಗೆ ಕರೆಯೋಕೆ ಬಂದ್ರೂ ಅಜ್ಜಿ ಮೊದಲು ಕೇಳುತ್ತಿದ್ದದ್ದು, ‘ಗಾಡಿ ಗೊತ್ತು ಮಾಡಿದ್ದೀರಾ?’